ಕಾಂತೀಯ ಮಿಶ್ರಲೋಹದ ನ್ಯಾನೋಕಣಗಳು ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ: ದೋಷ ಪತ್ತೆ ಮತ್ತು ನಿವಾರಣೆ

ಕಬ್ಬಿಣ-ಪ್ಲಾಟಿನಂ, ಕೋಬಾಲ್ಟ್-ಪ್ಲಾಟಿನಂ, ಕಬ್ಬಿಣ-ಕೋಬಾಲ್ಟ್, ಕಬ್ಬಿಣ-ನಿಕಲ್ ಮೊದಲಾದ ಮಿಶ್ರಲೋಹಗಳ ನ್ಯಾನೋಕಣಗಳನ್ನು ಟಿಇಎಂನಲ್ಲಿ (ಮಾದರಿಯ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸಿ ನೋಡುವ ಸೂಕ್ಷ್ಮದರ್ಶಕದಲ್ಲಿ) ನೋಡುವವರಿಗೆ ಎದುರಾಗುವ ಹಲವು ತೊಡಕುಗಳು ಚಿನ್ನದ ಕಣಗಳನ್ನು ನೋಡುವವರಿಗೆ ಎದುರಾಗುವುದಿಲ್ಲ. ಈ ಸೂಕ್ಷ್ಮದರ್ಶಕದಲ್ಲಿ ಮಾದರಿ ಕೂರುವುದು ಆಬ್ಜೆಕ್ಟಿವ್ ಮಸೂರವೆಂಬ ವಿದ್ಯುತ್ಕಾಂತದ ಎರಡು ಧ್ರುವತುಂಡುಗಳ ನಡುವಿನ ಕೆಲವೇ ಮಿಲಿಮೀಟರ್ ಜಾಗದಲ್ಲಿ. 200ರಿಂದ 300 ಕಿಲೋವೋಲ್ಟ್‌ನ ಯಂತ್ರಗಳಲ್ಲಿ ಅಲ್ಲಿನ ಕಾಂತಕ್ಷೇತ್ರ ಸುಮಾರು 2 ಟೆಸ್ಲಾ ಇರುತ್ತದೆ. ಅಂಥ ಜಾಗಕ್ಕೆ ಕಾಂತೀಯ ವಸ್ತುವನ್ನು ತಂದಿಟ್ಟ ಕ್ಷಣದಿಂದಲೇ ಅದು ಮಸೂರದ ಒಂದು ಭಾಗವಾಗಿ ವರ್ತಿಸತೊಡಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಧ್ರುವತುಂಡುಗಳೂ ಸಾಮಾನ್ಯವಾಗಿ ಕಬ್ಬಿಣ ಮತ್ತು ಕೋಬಾಲ್ಟ್‌ಗಳ ಮಿಶ್ರಲೋಹದವೇ ಆಗಿರುವುದರಿಂದ, ನಾವು ಕಣದಲ್ಲಿ ಹುಡುಕುತ್ತಿರುವ ಧಾತುಗಳು ಯಂತ್ರದ ಮೈಯಲ್ಲೇ ಇರುತ್ತವೆ. ಆದ್ದರಿಂದ ಚಿತ್ರದಲ್ಲಾಗಲಿ ರೋಹಿತದಲ್ಲಾಗಲಿ ಏನಾದರೂ ವಿಚಿತ್ರ ಕಂಡಾಗ ಕಣ, ಗ್ರಿಡ್ (ಕಣಗಳನ್ನು ಹೊರುವ, ಇಂಗಾಲದ ಪೊರೆ ಹೊದಿಸಿದ ಲೋಹದ ಸಣ್ಣ ಜಾಲರಿ) ಮತ್ತು ಯಂತ್ರ ಈ ಮೂರನ್ನೂ ಅನುಮಾನಿಸಬೇಕು. ಕಣದ ಬಗ್ಗೆ ಏನನ್ನೇ ಹೇಳುವ ಮೊದಲು ಉಳಿದೆರಡನ್ನು ಹೋಲಿಕೆಯ ಪರೀಕ್ಷೆಯಿಂದ ಅನುಮಾನದಿಂದ ಬಿಡಿಸಬೇಕು ಎಂಬುದೇ ಈ ಬರಹದ ಮುಖ್ಯ ಮಾತು.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮುಂತಾದ ಕಡೆಗಳಲ್ಲಿ ಹಲವರು ಹಂಚಿಕೊಂಡು ಬಳಸುವ ಯಂತ್ರಗಳನ್ನು ಅವಲಂಬಿಸಿದ್ದಾರೆ. ಕೈಗೆ ಸಿಗುವುದು ಕೆಲವು ಗಂಟೆಗಳ ಅವಧಿ ಮಾತ್ರ. ನಮ್ಮ ಮಾದರಿಯಿಂದ ಮಸೂರಕ್ಕೆ ಹಾನಿಯಾದರೆ ನಮ್ಮ ನಂತರದ ಸರದಿಯವರೆಲ್ಲರ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಮೊದಲ ಪರೀಕ್ಷೆ ನಡೆಯಬೇಕಾದದ್ದು ನಮ್ಮ ಪ್ರಯೋಗಾಲಯದ ಮೇಜಿನ ಮೇಲೆಯೇ.

ಯಂತ್ರಕ್ಕೆ ಹಾಕುವ ಮೊದಲು

ಕಾಂತೀಯ ಕಣಗಳು ಗ್ರಿಡ್‌ನಿಂದ ಹಾರಿ ಧ್ರುವತುಂಡಿಗೆ ಅಂಟಿಕೊಳ್ಳುತ್ತವೆ ಎಂಬ ಭಯ ಎಲ್ಲರಿಗೂ ಇದೆ. ಆ ಭಯ ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. 10 ನ್ಯಾನೋಮೀಟರ್ ವ್ಯಾಸದ ಶುದ್ಧ ಕಬ್ಬಿಣದ ಗೋಲವೊಂದನ್ನು ತೆಗೆದುಕೊಳ್ಳೋಣ. ಮಸೂರದ ಅಂಚಿನಲ್ಲಿ ಕ್ಷೇತ್ರವು ನಾಲ್ಕು ಮಿಲಿಮೀಟರ್ ದೂರದೊಳಗೆ 2 ಟೆಸ್ಲಾದಿಂದ ಸೊನ್ನೆಗೆ ಇಳಿಯುತ್ತದೆ ಎಂದಿಟ್ಟುಕೊಂಡರೆ, ಕಣದ ಮೇಲಿನ ಕಾಂತೀಯ ಸೆಳೆತವು ಇಂಗಾಲದ ಪೊರೆಗೂ ಕಣಕ್ಕೂ ನಡುವಿನ ವಾಂಡರ್‌ವಾಲ್ಸ್ ಅಂಟಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಕಡಿಮೆ ಎಂದು ಬರುತ್ತದೆ. ಅಂದರೆ ಪೊರೆಯ ಮೇಲೆ ಒಂಟಿಯಾಗಿ ಕುಳಿತ ಸಣ್ಣ ಕಣ ಎಲ್ಲಿಗೂ ಹಾರುವುದಿಲ್ಲ. ಆದರೆ ಸೆಳೆತ ಗಾತ್ರದ ಘನದಂತೆ ಏರಿದರೆ, ಅಂಟು ವ್ಯಾಸದಂತೆ ಮಾತ್ರ ಏರುತ್ತದೆ. ಅದೇ ಲೆಕ್ಕದಲ್ಲಿ 10 ಮೈಕ್ರೋಮೀಟರ್‌ನ ಉಂಡೆಗೆ ಬರುವಷ್ಟರಲ್ಲಿ ಎರಡೂ ಸರಿಸಮವಾಗುತ್ತವೆ. ಒರಟು ಮೈಯ ಉಂಡೆ ಪೊರೆಯನ್ನು ಕೆಲವೇ ಬಿಂದುಗಳಲ್ಲಿ ಮುಟ್ಟುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಸಣ್ಣ ಉಂಡೆಯೂ ಕಿತ್ತು ಬರಬಹುದು. ಅಪಾಯವಿರುವುದು ನ್ಯಾನೋಕಣದಲ್ಲಲ್ಲ, ನ್ಯಾನೋಕಣಗಳು ಸೇರಿ ಕಟ್ಟಿದ ಉಂಡೆಯಲ್ಲಿ, ಸರಿಯಾಗಿ ಚದುರದೆ ಉಳಿದ ಪುಡಿಯಲ್ಲಿ.

ಹೀಗಾಗಿ ಒಣ ಪುಡಿಯನ್ನು ನೇರವಾಗಿ ಗ್ರಿಡ್ ಮೇಲೆ ಉದುರಿಸುವುದನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದು. ದ್ರಾವಣವನ್ನು ಸಾಕಷ್ಟು ತಿಳಿಯಾಗಿಸಿ, ಅಲ್ಟ್ರಾಸೋನಿಕ್ ಸ್ನಾನದಲ್ಲಿಟ್ಟು, ದೊಡ್ಡ ಉಂಡೆಗಳು ತಳಕ್ಕೆ ಇಳಿಯುವವರೆಗೆ ಕಾದು, ಮೇಲಿನ ತಿಳಿಯಿಂದ ಒಂದು ಹನಿ ತೆಗೆಯಬೇಕು. ಗ್ರಿಡ್ ಒಣಗಿದ ಮೇಲೆ ಅದನ್ನು ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಪ್ಪು ಚುಕ್ಕೆಗಳು ಕಂಡರೆ ಆ ಗ್ರಿಡ್ಡನ್ನು ಅಲ್ಲಿಗೇ ಕೈಬಿಡಬೇಕು. ನಂತರ ತೆಳು ಕಾಗದದ ಮೇಲೆ ಗ್ರಿಡ್ ಇಟ್ಟು ಕೆಳಗಿನಿಂದ ಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ಸರಿಸಿ ನೋಡಬೇಕು. ಗ್ರಿಡ್ ಅಲುಗಿದರೆ ಅಥವಾ ನಿಮಿರಿ ನಿಂತರೆ ಅದು ಯಂತ್ರಕ್ಕೆ ಹೋಗಬಾರದು. ಈ ಪರೀಕ್ಷೆಯಲ್ಲಿ ಉತ್ತೀರ್ಣವಾದರೆ ಎಲ್ಲವೂ ಕ್ಷೇಮ ಎಂದಲ್ಲ, ಏಕೆಂದರೆ ಕೈಯಲ್ಲಿರುವ ಅಯಸ್ಕಾಂತದ ಕ್ಷೇತ್ರ ಮಸೂರದ ಕ್ಷೇತ್ರಕ್ಕಿಂತ ಬಹಳ ಕಡಿಮೆ. ಅನುಮಾನ ಉಳಿದಲ್ಲಿ ಕಣಗಳ ಮೇಲೆ ಇನ್ನೊಂದು ತೆಳು ಇಂಗಾಲದ ಪದರ ಎಳೆಯುವುದು, ಅಥವಾ ಕಣಗಳನ್ನು ಎಪಾಕ್ಸಿಯಲ್ಲಿ ಹುದುಗಿಸಿ ಅಲ್ಟ್ರಾಮೈಕ್ರೋಟೋಮ್‌ನಿಂದ ತೆಳುವಾಗಿ ಸೀಳುವುದು ಯೋಗ್ಯ.

ನಿಕಲ್ ಗ್ರಿಡ್ ಸ್ವತಃ ಕಾಂತೀಯ; ಈ ಕೆಲಸಕ್ಕೆ ಅದು ಬೇಡವೇ ಬೇಡ. ಕಾಂತತ್ವ ಹಿಡಿದ ಉಕ್ಕಿನ ಚಿಮಟವೂ ಅಷ್ಟೇ ಕೆಟ್ಟದ್ದು. ಟೈಟಾನಿಯಂ ಚಿಮಟ ಇಟ್ಟುಕೊಳ್ಳುವುದು ಒಳ್ಳೆಯದು.

ಚಿತ್ರ ನಿಲ್ಲದಿದ್ದರೆ ಅಥವಾ ಅಸ್ಟಿಗ್ಮ್ಯಾಟಿಸಂ ಪದೇ ಪದೇ ಕೆಟ್ಟರೆ

ಅಸ್ಟಿಗ್ಮ್ಯಾಟಿಸಂ ಎಂದರೆ ಮಸೂರ ಎಲ್ಲ ದಿಕ್ಕುಗಳಲ್ಲೂ ಸಮನಾಗಿ ಕೇಂದ್ರೀಕರಿಸದ ದೋಷ. ಕಾಂತೀಯ ಮಾದರಿಯನ್ನು ಹಾಕಿದ ಮೇಲೆ ಚಿತ್ರ ಕೆಟ್ಟಿತು ಎಂದ ಮಾತ್ರಕ್ಕೆ ಕಾಂತತ್ವವೇ ಕಾರಣ ಎಂದು ತೀರ್ಮಾನಿಸಲಾಗದು. ಮಾದರಿಯನ್ನು ಹೊರತೆಗೆದು, ಇಂಗಾಲದ ಪೊರೆಯ ಮೇಲೆ ಚಿನ್ನದ ಕಣಗಳಿರುವ ಪ್ರಮಾಣಿತ ಗ್ರಿಡ್ಡನ್ನು ಅದೇ ಹೋಲ್ಡರ್‌ನಲ್ಲಿ ಹಾಕಬೇಕು. ಪೊರೆಯ ಚಿತ್ರದ ಫೂರಿಯೇ ರೂಪಾಂತರದಲ್ಲಿ (ಚಿತ್ರದ ವಿವರಗಳನ್ನು ಆವರ್ತನಗಳಾಗಿ ತೋರಿಸುವ ನಕ್ಷೆಯಲ್ಲಿ) ಉಂಗುರಗಳು ವೃತ್ತಾಕಾರಕ್ಕೆ ಬರುವಂತೆ ಸ್ಟಿಗ್ಮೇಟರ್ (ಅಸ್ಟಿಗ್ಮ್ಯಾಟಿಸಂ ಸರಿಪಡಿಸುವ ಸುರುಳಿ) ಹೊಂದಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಅಲ್ಲಿ ಉಂಗುರಗಳು ನಿಲ್ಲುವುದಾದರೆ ದೋಷ ನಮ್ಮ ಗ್ರಿಡ್‌ನದು. ಚಿನ್ನದ ಗ್ರಿಡ್‌ನಲ್ಲೂ ಉಂಗುರಗಳು ಅಂಡಾಕಾರಕ್ಕೆ ತಿರುಗುತ್ತಿದ್ದರೆ, ಸ್ಟಿಗ್ಮೇಟರ್‌ನ ಮೌಲ್ಯ ಎಂದಿನ ನೆಲೆಯಿಂದ ಬಹಳ ದೂರ ಹೋಗಿದ್ದರೆ, ಎರಡು ಸಾಧ್ಯತೆಗಳಿವೆ: ಕೊಳೆಯಾದ ಆಬ್ಜೆಕ್ಟಿವ್ ಅಪರ್ಚರ್ (ಎಲೆಕ್ಟ್ರಾನ್ ಕಿರಣದ, ಅಂದರೆ ಬೀಮ್‌ನ, ಹಾದಿಗೆ ಅಡ್ಡವಿಡುವ ತೂತಿನ ತಗಡು), ಇಲ್ಲವೇ ಧ್ರುವತುಂಡಿಗೆ ಅಂಟಿದ ಕಾಂತೀಯ ಚೂರು. ಅಪರ್ಚರ್ ಹೊರಗೆಳೆದು ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಹೊರಗೆಳೆದ ಮೇಲೂ ದೋಷ ಉಳಿದರೆ ಕೆಲಸ ನಿಲ್ಲಿಸಿ ಯಂತ್ರದ ಹೊಣೆ ಹೊತ್ತವರಿಗೆ ಆ ಕೂಡಲೇ ತಿಳಿಸಬೇಕು. ಯಾವ ಮಾದರಿ, ಯಾವ ಹೊತ್ತಿನಲ್ಲಿ ಹಾಕಿದ್ದು ಎಂಬ ವಿವರವನ್ನು ಮುಚ್ಚಿಡದೆ ಹೇಳಿದರೆ ಅವರಿಗೆ ದೋಷದ ಮೂಲ ಹುಡುಕುವುದು ಸುಲಭವಾಗುತ್ತದೆ.

ದೋಷ ನಮ್ಮ ಗ್ರಿಡ್‌ನದೇ ಆಗಿದ್ದರೆ ಅದರ ನಡತೆಯನ್ನು ಗಮನಿಸಬೇಕು. ಗ್ರಿಡ್‌ನ ಒಂದು ಚೌಕದಿಂದ ಇನ್ನೊಂದಕ್ಕೆ ಹೋದಾಗ ಅಸ್ಟಿಗ್ಮ್ಯಾಟಿಸಂ ಬದಲಾಗುತ್ತಿದ್ದರೆ, ಓರೆ ಮಾಡಿದಾಗ ಇನ್ನಷ್ಟು ಬದಲಾದರೆ, ಹತ್ತಿರದಲ್ಲೆಲ್ಲೋ ದೊಡ್ಡ ಕಾಂತೀಯ ರಾಶಿ ಇದೆ. ಬೀಮ್ ಬಿದ್ದಾಗ ಮಾತ್ರ ಚಿತ್ರ ಜಿಗಿಯುತ್ತಿದ್ದರೆ, ಬೀಮ್ ಹರಡಿದಾಗ ಶಾಂತವಾಗುತ್ತಿದ್ದರೆ ಅದು ವಿದ್ಯುದಾವೇಶದ ತೊಂದರೆ. ಸಿಲಿಕಾ ಹೊದಿಕೆಯ ಕಣಗಳಲ್ಲಿ, ಪೊರೆ ಹರಿದ ಚೌಕಗಳಲ್ಲಿ ಇದು ಸಾಮಾನ್ಯ. ಇದಕ್ಕೂ ಕಾಂತತ್ವಕ್ಕೂ ಸಂಬಂಧವಿಲ್ಲ. ಒಂದೇ ದಿಕ್ಕಿಗೆ ಸರಿಯುತ್ತ ಕ್ರಮೇಣ ನಿಧಾನವಾಗುವ ಚಲನೆ ಹೋಲ್ಡರ್‌ನ ಉಷ್ಣತೆ ಇನ್ನೂ ಸಮನಾಗಿಲ್ಲ ಎಂಬುದರ ಲಕ್ಷಣವಾಗಿದ್ದು, ಅದಕ್ಕೆ ಕಾಯುವುದೇ ಮದ್ದು.

ಇವುಗಳಲ್ಲಿ ಯಾವುದಕ್ಕೂ ಹೊಂದದ ಚಲನೆ ಇದ್ದರೆ ಕಟ್ಟಡದ ಹೊರಗೆ ನೋಡಬೇಕಾಗುತ್ತದೆ. ಸ್ಟೆಮ್ ಚಿತ್ರದಲ್ಲಿ (ಬೀಮ್ಮನ್ನು ಸಾಲುಸಾಲಾಗಿ ಸ್ಕ್ಯಾನ್ ಮಾಡಿ ಪಡೆಯುವ ಚಿತ್ರದಲ್ಲಿ) ನೇರ ಅಂಚುಗಳು ಗರಗಸದ ಹಲ್ಲಿನಂತೆ ಕಂಡರೆ 50 ಹರ್ಟ್ಸ್‌ನ ವಿದ್ಯುತ್ ತಂತಿಗಳ ಕ್ಷೇತ್ರವನ್ನು ಶಂಕಿಸಬೇಕು. ಸ್ಕ್ಯಾನನ್ನು ವಿದ್ಯುತ್ ಆವರ್ತನದೊಡನೆ ಜೋಡಿಸಿದಾಗ ಹಲ್ಲುಗಳು ಮಾಯವಾದರೆ ಶಂಕೆ ದೃಢವಾಗುತ್ತದೆ. ಆದರೆ ಆಗಲೂ ವಿರೂಪ ಹೋಗಿರುವುದಿಲ್ಲ, ಎಲ್ಲ ಸಾಲುಗಳಲ್ಲೂ ಒಂದೇ ರೀತಿ ನಿಂತಿರುತ್ತದೆ ಎಂಬುದನ್ನು ಅಳತೆ ಮಾಡುವವರು ಮರೆಯಬಾರದು. ಬೆಂಗಳೂರಿಗೆ ಸಂಬಂಧಿಸಿದ ಇನ್ನೊಂದು ಕಾರಣವೂ ಇದೆ. ನಮ್ಮ ಮೆಟ್ರೊ 750 ವೋಲ್ಟ್‌ನ ಡಿಸಿ ವಿದ್ಯುತ್ತನ್ನು ಮೂರನೇ ಹಳಿಯಿಂದ ಪಡೆದು ಓಡುತ್ತದೆ. ರೈಲು ಹೊರಡುವಾಗ, ನಿಲ್ಲುವಾಗ ಹಳಿಯಲ್ಲಿ ಹರಿಯುವ ಭಾರಿ ಪ್ರವಾಹ ಏರಿಳಿಯುವುದರಿಂದ, ಹಳಿಗೆ ಸಮೀಪದ ಪ್ರಯೋಗಾಲಯಗಳಲ್ಲಿ ನಿಧಾನವಾಗಿ ಬದಲಾಗುವ ಕಾಂತಕ್ಷೇತ್ರ ಉಂಟಾಗಬಹುದು. ಇದಕ್ಕೆ 50 ಹರ್ಟ್ಸ್‌ನಂಥ ನಿಯತ ಲಯವಿಲ್ಲ. ಚಿತ್ರ ಕೆಲವು ಸೆಕೆಂಡುಗಳ ಕಾಲ ಒಂದು ಕಡೆ ಸರಿದು ಮತ್ತೆ ಮರಳುತ್ತದೆ. ಎಸಿ ಕ್ಷೇತ್ರವನ್ನಷ್ಟೇ ಅಳೆಯುವ ಸುರುಳಿ ಇದನ್ನು ಹಿಡಿಯುವುದಿಲ್ಲವಾದ್ದರಿಂದ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರ್ ಬೇಕು. ಉಪಕರಣ ಇಲ್ಲದಿದ್ದರೆ ಚಿನ್ನದ ಗ್ರಿಡ್‌ನ ಚಿತ್ರಸರಣಿಯನ್ನು ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಕೊನೆಯ ರೈಲು ಹೋದ ಬಳಿಕ ಒಮ್ಮೆ ತೆಗೆದು ಹೋಲಿಸಿದರೂ ಉತ್ತರ ಸಿಗುತ್ತದೆ.

ಕಣಗಳು ಸರಪಳಿಯಂತೆ ಅಥವಾ ಗುಂಪಾಗಿ ಕಂಡಾಗ ಅದು ದ್ರಾವಣದಲ್ಲೇ ಇದ್ದ ಸ್ಥಿತಿಯೆಂದು ಬರೆಯುವ ಮೊದಲೂ ಯೋಚಿಸಬೇಕು. ಒಂದನ್ನೊಂದು ಮುಟ್ಟಿದ 10 ನ್ಯಾನೋಮೀಟರ್‌ನ ಎರಡು ಕಬ್ಬಿಣದ ಕಣಗಳ ಕಾಂತೀಯ ಬಂಧಶಕ್ತಿ ಕೋಣೆಯ ಉಷ್ಣಶಕ್ತಿಯ ಸುಮಾರು 40 ಪಟ್ಟು. 5 ನ್ಯಾನೋಮೀಟರ್‌ಗೆ ಇಳಿದರೆ ಅದು ಸುಮಾರು 5 ಪಟ್ಟು ಮಾತ್ರ. ದೊಡ್ಡ ಕಣಗಳು ಹನಿ ಒಣಗುವಾಗಲೇ ಸರಪಳಿ ಕಟ್ಟಿಕೊಳ್ಳಬಲ್ಲವು.

ಧಾತುಗಳ ಪ್ರಮಾಣ ನಂಬಲಾಗದಿದ್ದರೆ

ಅತ್ಯಂತ ಹೆಚ್ಚು ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಸಂಶ್ಲೇಷಣೆಯಲ್ಲಿ ಕೋಬಾಲ್ಟ್ ಬಳಸದಿದ್ದರೂ ಇಡಿಎಸ್ (ಮಾದರಿಯಿಂದ ಹೊರಡುವ ಎಕ್ಸ್-ಕಿರಣಗಳ ಶಕ್ತಿಯಿಂದ ಧಾತುಗಳನ್ನು ಗುರುತಿಸುವ ವಿಧಾನ) ತಂತ್ರಾಂಶ ಕೋಬಾಲ್ಟ್ ಇದೆ ಎಂದು ಹೆಸರಿಸುತ್ತದೆ. ಕಬ್ಬಿಣದ ಕೆ-ಬೀಟಾ ಎಂಬ ಎಕ್ಸ್-ಕಿರಣ ರೇಖೆ 7.058 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿದ್ದರೆ ಕೋಬಾಲ್ಟಿನ ಕೆ-ಆಲ್ಫಾ 6.930ರಲ್ಲಿದೆ. ಎರಡರ ಅಂತರ 128 ಎಲೆಕ್ಟ್ರಾನ್‌ವೋಲ್ಟ್. ಡಿಟೆಕ್ಟರಿನ ಬೇರ್ಪಡಿಸುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣದ ಕೆ-ಬೀಟಾ ಅದರ ಕೆ-ಆಲ್ಫಾದ ಎಂಟನೇ ಒಂದು ಭಾಗದಷ್ಟಿರುವುದರಿಂದ, ಕಬ್ಬಿಣ ಹೆಚ್ಚಿರುವ ಮಾದರಿಯಲ್ಲಿ ಕೆಲವು ಶೇಕಡಾ ಕೋಬಾಲ್ಟ್ ಸುಳ್ಳೇ ಹುಟ್ಟಿಕೊಳ್ಳಬಹುದು. ಕೋಬಾಲ್ಟ್ ನಿಜವಾಗಿ ಇದ್ದರೆ 7.649ರಲ್ಲಿ ಅದರ ಕೆ-ಬೀಟಾ ಕೂಡ ಕಾಣಬೇಕು. ಮ್ಯಾಂಗನೀಸ್ ಇರುವ ಮಾದರಿಗಳಲ್ಲೂ ಇದೇ ತೊಡಕಿದೆ: ಮ್ಯಾಂಗನೀಸಿನ ಕೆ-ಬೀಟಾ 6.490ರಲ್ಲಿ, ಕಬ್ಬಿಣದ ಕೆ-ಆಲ್ಫಾ 6.404ರಲ್ಲಿ.

ರೇಖೆಗಳ ಗೊಂದಲ ಬಗೆಹರಿದ ಮೇಲೂ, ಆ ಕಬ್ಬಿಣ ಅಥವಾ ಕೋಬಾಲ್ಟ್ ಕಣದಿಂದಲೇ ಬಂದದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. ಮಾದರಿಯಿಂದ ಚದುರಿದ ಎಲೆಕ್ಟ್ರಾನುಗಳು ಧ್ರುವತುಂಡಿಗೆ ಬಡಿದು ಅಲ್ಲಿನ ಕಬ್ಬಿಣ-ಕೋಬಾಲ್ಟ್‌ಗಳ ಎಕ್ಸ್-ಕಿರಣಗಳನ್ನು ಹೊರಡಿಸುತ್ತವೆ. ಇದನ್ನು ಅಳೆಯಲು ಮೂರು ರೋಹಿತಗಳು ಬೇಕು. ಪೊರೆಯಿಲ್ಲದ ತೂತಿನಲ್ಲಿ ಬೀಮ್ ಇಟ್ಟು ಒಂದು, ಕಣದ ಪಕ್ಕದ ಬರಿಯ ಪೊರೆಯ ಮೇಲೆ ಒಂದು, ಕಣದ ಮೇಲೆ ಒಂದು. ಓರೆ, ಬೀಮ್ ಪ್ರವಾಹ, ಅವಧಿ ಮೂರರಲ್ಲೂ ಒಂದೇ ಇರಬೇಕು. ತೂತಿನಲ್ಲೇ ಕಬ್ಬಿಣ ಕಂಡರೆ ಬೀಮ್‌ನ ಹಾದಿಯಲ್ಲೇ ದೋಷವಿದೆ; ಆಬ್ಜೆಕ್ಟಿವ್ ಅಪರ್ಚರ್ ಒಳಗೇ ಉಳಿದಿದೆಯೇ ಎಂದು ಮೊದಲು ನೋಡಿ, ಇಡಿಎಸ್ ವೇಳೆ ಅದು ಹೊರಗಿರಬೇಕು. ಬರಿಯ ಪೊರೆಯ ಮೇಲೆ ಮಾತ್ರ ಕಂಡರೆ ಚದುರಿಕೆ ಕಾರಣವಾಗಿರಬಹುದು, ಇಲ್ಲವೇ ತೊಳೆಯದೆ ಉಳಿದ ಲೋಹದ ಲವಣ ಪೊರೆಯ ಮೇಲೆ ಹರಡಿರಬಹುದು. ಗ್ರಿಡ್‌ನ ಸರಳಿನಿಂದ ದೂರವಿರುವ, ಚೌಕದ ನಡುವಿನ ಕಣಗಳನ್ನೇ ಆರಿಸಿಕೊಂಡರೆ ಚದುರಿಕೆ ಕಡಿಮೆಯಾಗುತ್ತದೆ. ಹೀಗೆಲ್ಲ ಮಾಡಿಯೂ ನಂಬಿಕೆ ಬಾರದಿದ್ದರೆ ಈಲ್ಸ್ (ಎಲೆಕ್ಟ್ರಾನುಗಳು ಕಳೆದುಕೊಂಡ ಶಕ್ತಿಯ ರೋಹಿತ) ಬಳಸಬೇಕು. ಅದು ಮಾದರಿಯನ್ನು ಹಾದುಬಂದ ಎಲೆಕ್ಟ್ರಾನುಗಳನ್ನೇ ಅಳೆಯುವುದರಿಂದ ಧ್ರುವತುಂಡಿನ ಎಕ್ಸ್-ಕಿರಣಗಳು ಅದಕ್ಕೆ ಅಡ್ಡಬರುವುದಿಲ್ಲ. ಕಬ್ಬಿಣದ ಎಲ್-3 ಅಂಚು (ರೋಹಿತ ಥಟ್ಟನೆ ಏರುವ ಜಾಗ) 708, ಕೋಬಾಲ್ಟಿನದು 779, ನಿಕಲಿನದು 855 ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ ಸ್ಪಷ್ಟವಾಗಿ ಬೇರೆ ಬೇರೆಯಾಗಿ ನಿಲ್ಲುತ್ತವೆ.

ಗ್ರಿಡ್‌ನ ಲೋಹವನ್ನು ಮಿಶ್ರಲೋಹಕ್ಕೆ ತಕ್ಕಂತೆ ಆರಿಸಬೇಕು. ತಾಮ್ರವಿರುವ ಮಿಶ್ರಲೋಹಕ್ಕೆ ತಾಮ್ರದ ಗ್ರಿಡ್ ಸಲ್ಲದು. ಪ್ಲಾಟಿನಂ ಇರುವ ಕಣಗಳಿಗೆ ಚಿನ್ನದ ಗ್ರಿಡ್ ಹಾಕಿದರೆ ಎರಡರ ಎಂ ರೇಖೆಗಳು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ತಾಮ್ರದ ಗ್ರಿಡ್ ಬಳಸಿ, 9.442 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಪ್ಲಾಟಿನಂ ಎಲ್-ಆಲ್ಫಾ ರೇಖೆಯಿಂದ ಲೆಕ್ಕ ಮಾಡುವುದು ಸರಿ.

ಇನ್ನು ಅಂಕಿಗಳ ದಶಮಾಂಶದ ಬಗ್ಗೆ. 4 ನ್ಯಾನೋಮೀಟರ್‌ನ ಕಬ್ಬಿಣ-ಪ್ಲಾಟಿನಂ ಕಣದಲ್ಲಿರುವುದು ಸುಮಾರು ಎರಡೂವರೆ ಸಾವಿರ ಪರಮಾಣುಗಳು. ಅದರಿಂದ ಒಂದು ರೇಖೆಗೆ 100 ಎಣಿಕೆ ಸಿಕ್ಕರೆ ಎಣಿಕೆಯ ಅನಿಶ್ಚಿತತೆಯೇ ಶೇ 10. 1000 ಸಿಕ್ಕರೆ ಶೇ 3ರಷ್ಟು. ತಂತ್ರಾಂಶ 52.37 ಎಂದು ಮುದ್ರಿಸಿದ ಮಾತ್ರಕ್ಕೆ ದಶಮಾಂಶದ ನಂತರದ ಅಂಕಿಗಳಿಗೆ ಅರ್ಥ ಬರುವುದಿಲ್ಲ. ಆದರೆ ಕಣದಿಂದ ಕಣಕ್ಕೆ ಕಾಣುವ ವ್ಯತ್ಯಾಸವೆಲ್ಲ ಎಣಿಕೆಯ ಏರಿಳಿತವೇ ಎಂದು ತಳ್ಳಿಹಾಕುವುದೂ ತಪ್ಪು. 2000ರಲ್ಲಿ ಶೌಹೆಂಗ್ ಸನ್ ಮತ್ತು ಸಂಗಡಿಗರು ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ವಿಧಾನದಲ್ಲಿ ಕಬ್ಬಿಣದ ಪೆಂಟಾಕಾರ್ಬೊನಿಲ್ ಶಾಖದಿಂದ ವಿಭಜನೆಯಾಗುತ್ತದೆ, ಪ್ಲಾಟಿನಂ ಲವಣ ಅಪಕರ್ಷಣಗೊಳ್ಳುತ್ತದೆ. ಎರಡೂ ಒಂದೇ ವೇಗದಲ್ಲಿ ನಡೆಯಬೇಕೆಂದಿಲ್ಲವಾದ್ದರಿಂದ ಒಂದೇ ಬ್ಯಾಚಿನ ಕಣಗಳಲ್ಲೂ ಸಂಯೋಜನೆ ನಿಜಕ್ಕೂ ಬೇರೆ ಬೇರೆ ಇರಬಹುದು. ಒಂದೇ ಕಣವನ್ನು ಎರಡು ಬಾರಿ ಅಳೆದು, ಆ ಎರಡು ಅಳತೆಗಳ ಅಂತರವನ್ನು ಬೇರೆ ಬೇರೆ ಕಣಗಳ ನಡುವಿನ ಅಂತರದೊಂದಿಗೆ ಹೋಲಿಸಿದರೆ ಏರಿಳಿತ ಯಾವುದು, ವ್ಯತ್ಯಾಸ ಯಾವುದು ಎಂಬುದು ತಿಳಿಯುತ್ತದೆ. ಇಡೀ ಬ್ಯಾಚಿನ ಸರಾಸರಿಯನ್ನು ಐಸಿಪಿ ವಿಶ್ಲೇಷಣೆಯಿಂದ (ಮಾದರಿಯನ್ನು ಕರಗಿಸಿ ಪ್ಲಾಸ್ಮಾದಲ್ಲಿ ಧಾತುಗಳನ್ನು ಅಳೆಯುವ ವಿಧಾನದಿಂದ) ಪಡೆದು ಪಕ್ಕದಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕ್ರಮಬದ್ಧ ರಚನೆಯ ಚುಕ್ಕೆಗಳು ಕಾಣದಿದ್ದರೆ

ಸಂಶ್ಲೇಷಣೆಯಿಂದ ಹೊರಬಂದ ಕಬ್ಬಿಣ-ಪ್ಲಾಟಿನಂ ಕಣಗಳಲ್ಲಿ ಪರಮಾಣುಗಳು ಕ್ರಮವಿಲ್ಲದೆ ಬೆರೆತಿರುತ್ತವೆ. ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಮೇಲೆ ಕಬ್ಬಿಣ ಮತ್ತು ಪ್ಲಾಟಿನಂ ಪದರಗಳು ಒಂದು ಬಿಟ್ಟು ಒಂದರಂತೆ ಜೋಡಿಸಿಕೊಂಡು ಎಲ್-ಒನ್-ಜೀರೊ ಎಂಬ ರಚನೆ ಬರುತ್ತದೆ. ಕಣಕ್ಕೆ ಬಲವಾದ ಕಾಂತೀಯ ಗಡಸುತನ ಬರುವುದು ಇದರಿಂದಲೇ. ವಿವರ್ತನೆಯಲ್ಲಿ 001 ಮತ್ತು 110 (ಸ್ಫಟಿಕದ ಪದರಗಳನ್ನೂ ದಿಕ್ಕುಗಳನ್ನೂ ಹೆಸರಿಸುವ ಅಂಕಿಗಳಿವು) ಚುಕ್ಕೆಗಳು ಇದರ ಗುರುತು. ಕಾಯಿಸಿದ ಮೇಲೂ ಅವು ಕಾಣದಿದ್ದಾಗ ಕುಲುಮೆಯನ್ನು ದೂರುವ ಮುನ್ನ ಕಣ ಯಾವ ದಿಕ್ಕಿಗೆ ಮುಖಮಾಡಿದೆ ಎಂದು ನೋಡಬೇಕು. ಘನಾಕೃತಿಯ ಜಾಲಕದಲ್ಲಿ 110ರ ಬಗೆಯ ದಿಕ್ಕುಗಳೆಲ್ಲ ಸಮಾನ. ಆದರೆ ಕ್ರಮಬದ್ಧ ರಚನೆಯಲ್ಲಿ ಸಿ ಅಕ್ಷ (ಪದರಗಳಿಗೆ ಲಂಬವಾದ ಅಕ್ಷ) ಬೇರೆಯಾಗಿರುವುದರಿಂದ ಅವು ಸಮಾನವಲ್ಲ. 110 ದಿಕ್ಕಿನಿಂದ ನೋಡಿದರೆ 001 ಚುಕ್ಕೆ ಕಾಣುತ್ತದೆ. 101 ಅಥವಾ 011 ದಿಕ್ಕಿನಿಂದ ನೋಡಿದರೆ ಕಣ ಪೂರ್ತಿ ಕ್ರಮಬದ್ಧವಾಗಿದ್ದರೂ ಆ ಮಾದರಿಯ ಒಂದು ಚುಕ್ಕೆಯೂ ಕಾಣುವುದಿಲ್ಲ. ಅಂದರೆ ಈ ಬಗೆಯ ಮೂರು ಕಣಗಳಲ್ಲಿ ಎರಡು, ಕೇವಲ ದಿಕ್ಕಿನ ಕಾರಣದಿಂದ, ಕ್ರಮವಿಲ್ಲದಂತೆ ತೋರುತ್ತವೆ. 100ರ ಬಗೆಯ ದಿಕ್ಕುಗಳಲ್ಲಿ ಈ ತೊಡಕಿಲ್ಲ. ಮೂರರಲ್ಲೂ ಯಾವುದಾದರೊಂದು ಗುರುತಿನ ಚುಕ್ಕೆ ಸಿಗುತ್ತದೆ. ಆದ್ದರಿಂದ ಕಣವನ್ನು ಆ ದಿಕ್ಕಿಗೆ ಓರೆಯಾಗಿಸಿ ನೋಡದೆ, ಅಥವಾ ಅನೇಕ ಕಣಗಳ ಉಂಗುರ ವಿವರ್ತನೆಯನ್ನು ನೋಡದೆ, ಕ್ರಮವಿಲ್ಲ ಎಂದು ಬರೆಯಬಾರದು.

ಜಾಲಕದ ಗೆರೆಗಳ ಅಂತರ ಅಳೆದು ಕ್ರಮವನ್ನು ಸಾಧಿಸಹೊರಡುವುದು ಇನ್ನೂ ದುರ್ಬಲ ದಾರಿ. ಎ ಅಕ್ಷ ಸುಮಾರು 3.85, ಸಿ ಅಕ್ಷ ಸುಮಾರು 3.71 ಆಂಗ್‌ಸ್ಟ್ರಾಮ್, ವ್ಯತ್ಯಾಸ ಶೇ 4ಕ್ಕಿಂತ ಕಡಿಮೆ. ಕಣ ಅಕ್ಷದಿಂದ ತುಸು ಓರೆಯಾಗಿರುವುದು, ಮಾದರಿಯ ಎತ್ತರ ಬದಲಾಗಿ ವರ್ಧನೆ ತಪ್ಪುವುದು, ಕೆಲವೇ ಗೆರೆಗಳಿರುವ ಸಣ್ಣ ಕಣ ಇವೆಲ್ಲ ಸೇರಿ ಆ ವ್ಯತ್ಯಾಸವನ್ನು ನುಂಗಿಹಾಕಬಲ್ಲವು. ಅಳೆಯಲೇಬೇಕಾದರೆ ಅದೇ ಎತ್ತರದಲ್ಲಿ, ಅದೇ ವರ್ಧನೆಯಲ್ಲಿ ಚಿನ್ನದ 111 ಗೆರೆಗಳನ್ನು, ಅಂದರೆ 2.355 ಆಂಗ್‌ಸ್ಟ್ರಾಮ್ ಅಂತರವನ್ನು, ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಭಾರವಾದ ಪರಮಾಣುಗಳನ್ನು ಹೆಚ್ಚು ಹೊಳಪಾಗಿ ತೋರಿಸುವ ಎಚ್‌ಎಎಡಿಎಫ್ ಸ್ಟೆಮ್ ಚಿತ್ರವೇ ಹೆಚ್ಚು ನೇರವಾದ ಸಾಕ್ಷಿ. ಪ್ಲಾಟಿನಂನ ಪರಮಾಣು ಸಂಖ್ಯೆ 78, ಕಬ್ಬಿಣದ್ದು 26 ಆದ್ದರಿಂದ ಸರಿಯಾದ ದಿಕ್ಕಿನಲ್ಲಿ ಹೊಳೆಯುವ ಸಾಲು, ಮಸುಕಾದ ಸಾಲು ಒಂದಾದ ಮೇಲೊಂದು ಕಣ್ಣಿಗೇ ಕಾಣುತ್ತವೆ.

ಕಾಯಿಸಿದಾಗ ಕಣಗಳು ಬೆಸೆದುಕೊಂಡವೋ, ಅಥವಾ ಬೀಮ್‌ನ ಅಡಿಯಲ್ಲಿ ಬೆಸೆದುಕೊಂಡವೋ ಎಂಬ ಅನುಮಾನವಿದ್ದರೆ, ಬೀಮ್ ಬೀಳದ ಹೊಸ ಚೌಕವನ್ನು ಕಡಿಮೆ ವರ್ಧನೆಯಲ್ಲಿ ಒಮ್ಮೆ ನೋಡಿದರೆ ಸಾಕು.

ಆಕ್ಸೈಡ್ ಕವಚ ಮತ್ತು ಇಂಗಾಲದ ಕೊಳೆ

ಸಂಶ್ಲೇಷಣೆಯ ವೇಳೆ ಕಣಗಳಿಗೆ ಹೊದಿಕೆಯಾಗುವ ಓಲೀಕ್ ಆಮ್ಲ, ಓಲಿಲಮೀನ್‌ಗಳು ಉಳಿದಿದ್ದರೆ ಬೀಮ್ ನಿಂತ ಜಾಗದಲ್ಲಿ ಇಂಗಾಲ ಕಟ್ಟಿಕೊಳ್ಳುತ್ತದೆ. ಬೀಮ್ಮನ್ನು ಒಂದು ಕಡೆ ಸ್ವಲ್ಪ ಹೊತ್ತು ನಿಲ್ಲಿಸಿ, ನಂತರ ವರ್ಧನೆ ಇಳಿಸಿದಾಗ ಅಲ್ಲಿ ಕಪ್ಪು ಉಂಗುರ ಉಳಿದಿದ್ದರೆ ಅದೇ ರುಜುವಾತು. ಹೆಚ್ಚು ಬಾರಿ ತೊಳೆದು ಸೆಂಟ್ರಿಫ್ಯೂಜ್ ಮಾಡುವುದು, ಗ್ರಿಡ್ಡನ್ನು ನಿರ್ವಾತದಲ್ಲಿ ಹದವಾಗಿ ಕಾಯಿಸುವುದು ಪರಿಹಾರ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಳೆ ತೆಗೆಯಲು ಆಮ್ಲಜನಕದ ಪ್ಲಾಸ್ಮಾ ಬಳಸುವುದು ಎಲ್ಲರ ರೂಢಿ. ಕಬ್ಬಿಣ, ಕೋಬಾಲ್ಟ್ ಹೆಚ್ಚಿರುವ ಕಣಗಳ ಮೇಲ್ಮೈಯನ್ನು ಅದು ಆಕ್ಸೈಡ್ ಆಗಿಸುತ್ತದೆ. ಆಮೇಲೆ ಕಾಣುವ ಕವಚ ಸಂಶ್ಲೇಷಣೆಯದೋ, ಮಳೆಗಾಲದ ತೇವದ ಗಾಳಿಯಲ್ಲಿ ಇಟ್ಟಿದ್ದರಿಂದ ಬಂದದ್ದೋ, ಪ್ಲಾಸ್ಮಾದ್ದೋ ಎಂದು ಹೇಳಲು ಯಾರಿಗೂ ಆಗದು. ಪ್ಲಾಸ್ಮಾ ಕಾಣದ ಒಂದು ಗ್ರಿಡ್ಡನ್ನು ಹೋಲಿಕೆಗೆಂದು ಯಾವಾಗಲೂ ತೆಗೆದಿಟ್ಟಿರಬೇಕು. ಕವಚ ಕಂಡಲ್ಲಿ 532 ಎಲೆಕ್ಟ್ರಾನ್‌ವೋಲ್ಟ್‌ನ ಆಮ್ಲಜನಕದ ಈಲ್ಸ್ ಅಂಚನ್ನು ಕಣದ ಅಂಚಿನಲ್ಲೂ ನಡುವಿನಲ್ಲೂ ಅಳೆದು ನೋಡಬೇಕು. ಬಲವಾದ ಬೀಮ್ ಕಬ್ಬಿಣದ ಆಕ್ಸೈಡನ್ನು ಅಪಕರ್ಷಿಸಬಲ್ಲದಾದ್ದರಿಂದ ಮೊದಲ ರೋಹಿತವನ್ನೂ ಕೊನೆಯ ರೋಹಿತವನ್ನೂ ಜೊತೆಗಿಟ್ಟು ಹೋಲಿಸಬೇಕು.

ಕಾಂತೀಯತೆಯನ್ನೇ ನೋಡಹೊರಟಾಗ ಏನೂ ಕಾಣದಿದ್ದರೆ

ಆಬ್ಜೆಕ್ಟಿವ್ ಮಸೂರ ಚಾಲನೆಯಲ್ಲಿದ್ದರೆ ಕಬ್ಬಿಣ-ಕೋಬಾಲ್ಟ್, ಕಬ್ಬಿಣ-ನಿಕಲ್‌ನಂಥ ಮೃದು ಕಣಗಳು 2 ಟೆಸ್ಲಾದಲ್ಲಿ ಪೂರ್ತಿ ಒಂದೇ ದಿಕ್ಕಿಗೆ ಕಾಂತಗೊಂಡಿರುತ್ತವೆ. ಆ ಸ್ಥಿತಿಯಲ್ಲಿ ಅವುಗಳ ಸಹಜ ಕಾಂತೀಯ ವಿನ್ಯಾಸವನ್ನು ಹುಡುಕಿ ಫಲವಿಲ್ಲ. ಆಬ್ಜೆಕ್ಟಿವ್ ಮಸೂರವನ್ನು ಆಫ್ ಮಾಡಿ, ಮಾದರಿಯಿಂದ ದೂರದಲ್ಲಿರುವ ಲೊರೆಂಟ್ಜ್ ಮಸೂರದಿಂದ ನೋಡಬೇಕು. ಆಫ್ ಮಾಡಿದ ಮೇಲೂ ಸ್ವಲ್ಪ ಕ್ಷೇತ್ರ ಉಳಿಯುತ್ತದೆ, ಅದನ್ನು ಹಾಲ್ ಸಂವೇದಕದ ಹೋಲ್ಡರ್‌ನಿಂದ ಅಳೆದಿರಬೇಕು. ಎಲೆಕ್ಟ್ರಾನ್ ತರಂಗದ ಹಂತವನ್ನು ಅಳೆಯುವ ಹಾಲೋಗ್ರಫಿಯಲ್ಲಿ 10 ನ್ಯಾನೋಮೀಟರ್‌ನ ಕಬ್ಬಿಣದ ಕಣದ ಕಾಂತೀಯ ಹಂತಭೇದ ಒಂದು ರೇಡಿಯನ್ನಿನ ಹತ್ತನೇ ಒಂದು, ಎರಡು ಭಾಗದಷ್ಟಿದ್ದರೆ, ಕಣದ ಒಳವಿಭವದಿಂದ (ಕಣದೊಳಗಿನ ಸರಾಸರಿ ವಿದ್ಯುತ್ ವಿಭವದಿಂದ) ಬರುವ ಹಂತಭೇದ ಒಂದು ರೇಡಿಯನ್ನಿಗೂ ಮಿಕ್ಕಿರುತ್ತದೆ. ಕಾಂತೀಕರಣವನ್ನು ತಿರುಗುಮುರುಗು ಮಾಡಿ ತೆಗೆದ ಎರಡು ಹಾಲೋಗ್ರಾಮ್‌ಗಳ ವ್ಯತ್ಯಾಸದಿಂದಲೇ ಸಣ್ಣದನ್ನು ದೊಡ್ಡದರಿಂದ ಬೇರ್ಪಡಿಸಬೇಕು. ಎರಡು ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಕಣದ ಅಂಚಿನಲ್ಲಿ ಕಾಂತೀಯವೆಂದೇ ತೋರುವ ಸಂಕೇತ ಹುಟ್ಟುತ್ತದೆ. ಅದನ್ನು ಗುರುತಿಸಲು ಕಾಂತೀಕರಣವನ್ನು ಬದಲಿಸದೆ ಒಂದೇ ಸ್ಥಿತಿಯಲ್ಲಿ ಎರಡು ಹಾಲೋಗ್ರಾಮ್ ತೆಗೆದು ಅವುಗಳ ವ್ಯತ್ಯಾಸವನ್ನೂ ಲೆಕ್ಕ ಹಾಕಬೇಕು. ಅಲ್ಲಿಯೂ ಅಂಥದೇ ಸಂಕೇತ ಉಳಿದರೆ ಅದು ಕಣದ ಕಾಂತತ್ವವಲ್ಲ, ಚಿತ್ರಗಳ ಹೊಂದಾಣಿಕೆಯ ದೋಷ.